ಜಾಕು ಇಳಿಯುವ ಹೊತ್ತು

ಕಡ್ಡಿ ಬಾಗಿತೇ, ಇಲ್ಲ, ಬಾಗಲಿಲ್ಲ, ಗಾಳಿಗೆ ಅಲ್ಲಾಡಿತು ಅಷ್ಟೆ, ಅಥವಾ ನನ್ನ ಕಣ್ಣೇ ಸೋತಿತೋ ಏನೋ, ರೆಪ್ಪೆ ಮಿಟುಕಿಸದೆ ನೋಡಿ ನೋಡಿ ನೀರು ಬಂದಿದೆ, ಕಣ್ಣಲ್ಲಿ ನೀರಿದ್ದರೆ ಎಲ್ಲವೂ ಬಾಗಿದ ಹಾಗೆಯೇ ಕಾಣುತ್ತದೆ — ಒರೆಸಿಕೋ ಗಿರಿಜೆ, ಒರೆಸಿಕೊಂಡು ಸರಿಯಾಗಿ ನೋಡು — ನೆಟ್ಟಗಿದೆ, ಹಿಡಿಸೂಡಿಯಿಂದ ಕಿತ್ತ ಒಂದು ಕಡ್ಡಿ, ಕೆಳಗೆ ಮಲ್ಲಿಕ್ ಬಜಾರಿನ ಎಣ್ಣೆ ಕುಡಿದು ಕಪ್ಪಾದ ನೆಲ, ಮೇಲೆ ಅಂಗಡಿಯವನ ಅಂಬಾಸಡರ್ ಕಾರಿನ ಬಂಪರು, ನಡುವೆ ಸರಿಯಾಗಿ ಅಷ್ಟೇ ಉದ್ದಕ್ಕೆ ಮುರಿದು ನಾನೇ ನಿಲ್ಲಿಸಿದ ಕಡ್ಡಿ, ಕಾರು ಕೂದಲೆಳೆಯಷ್ಟು ಇಳಿದರೂ ಅದು ಬಾಗಲೇಬೇಕು, ಬಾಗಿದರೆ ಈ ಜಾಕು ಬೇಡ, ಬಾಗದಿದ್ದರೆ, ಬಾಗದಿದ್ದರೆ ಇನ್ನೂ ಸ್ವಲ್ಪ ಹೊತ್ತು ನೋಡುತ್ತೇನೆ. ದೀದಿ, ಇದು ಜಾಕು, ಅಳಿಯ ಅಲ್ಲ, ಇಷ್ಟು ಪರೀಕ್ಷೆ ಯಾಕೆ, ಎನ್ನುತ್ತಾನೆ ಅಂಗಡಿಯವನು, ತಲೆಗೆ ಮಂಕಿ ಟೋಪಿ, ಕುತ್ತಿಗೆಗೆ ಮಫ್ಲರು, ಬಾಯಿ ತುಂಬ ಪಾನು, ಸುತ್ತ ನಿಂತ ನಾಲ್ಕು ಗಂಡಸರು ನಗುತ್ತಾರೆ, ನಗಲಿ, ಅಳಿಯನನ್ನಾದರೆ ಇಷ್ಟು ನೋಡುವುದಿಲ್ಲ, ಅಳಿಯ ಕೈಕೊಟ್ಟರೆ ಮಗಳು ಮನೆಗೆ ಬಂದಾಳು, ಜಾಕು ಕೈಕೊಟ್ಟರೆ ಯಾರು ಬರುತ್ತಾರೆ, ಹಾಗೆಂದು ನನ್ನ ಅರೆಬರೆ ಹಿಂದಿಯಲ್ಲಿ ಹೇಳಿಯೂ ಬಿಟ್ಟೆ, ಅವನಿಗೆ ಎಷ್ಟು ಅರ್ಥವಾಯಿತೋ, ಪಾನು ಉಗಿದು ಬಂದ. ಮೊದಲು ಇವನು ತೋರಿಸಿದ್ದು ಹೊಸದು, ಕೆಂಪು ಬಣ್ಣ, ಫಳಫಳ, ಎತ್ತಿದರೆ ಹಗುರ, ಬಾಣಲೆ ಕೊಳ್ಳುವಾಗ ಹಗುರ ಎಂದರೆ ತಳ ಹಿಡಿಯುತ್ತದೆ ಎಂದೇ ಅರ್ಥ, ಆದರೂ ಆಗಲಿ ಎಂದು ಕಾರನ್ನು ಎತ್ತಿಸಿ ಕಡ್ಡಿ ಇಟ್ಟೆ, ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಕಡ್ಡಿ ಮೆಲ್ಲಗೆ ಬೆನ್ನು ಬಗ್ಗಿಸಿತು, ಅದು ಕಾರಿನ ಸ್ಪ್ರಿಂಗು ದೀದಿ, ಕೂತುಕೊಳ್ಳುತ್ತದೆ, ಅಂದ, ಕೂತುಕೊಳ್ಳುವ ಜಾಕು ನನಗೆ ಬೇಡ ಮಾರಾಯ, ನಿಲ್ಲುವುದು ಕೊಡು. ಆಮೇಲೆ ಒಳಗಿನಿಂದ ದರದರ ಎಳೆದು ತಂದದ್ದು ಇದು, ಹಳೆಯದು, ಯಾವುದೋ ಗ್ಯಾರೇಜು ಮುಚ್ಚಿದಾಗ ಬಂದದ್ದಂತೆ, ಬಣ್ಣ ಇಲ್ಲ, ನಾಲ್ಕು ಕಬ್ಬಿಣದ ಗಾಲಿ, ನಮ್ಮ ರುಬ್ಬುವ ಕಲ್ಲಿನಷ್ಟು ಭಾರ, ಇಬ್ಬರು ಬೇಕು ಎತ್ತಲು, ಇದರ ಹಿಡಿ ಎಲ್ಲೋ ಕಳೆದುಹೋಗಿದೆ ಎಂದು ಒಂದು ನೀರಿನ ಪೈಪಿನ ತುಂಡು ತುರುಕಿ ಒತ್ತಿದ, ಕಾರು ಎದ್ದಿತು, ಎದ್ದು ನಿಂತಿದೆ, ಕಡ್ಡಿಯೂ ನಿಂತಿದೆ, ನಾನೂ ನಿಂತಿದ್ದೇನೆ.

ಇವರೇ ಬರಬಹುದಿತ್ತು, ಬರಬೇಕಿತ್ತು, ಜಾಕು ಆರಿಸುವುದು ಹೆಂಗಸರ ಕೆಲಸವೇ, ಇಡೀ ಬಜಾರಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ, ಗೇರು, ಬೋಲ್ಟು, ಕಳಚಿದ ಬಾಗಿಲುಗಳ ರಾಶಿಗಳ ನಡುವೆ ಸೆರಗು ಬಿಗಿಹಿಡಿದುಕೊಂಡು — ಆದರೆ ಅಂದೇ ಮಾತು ಬಂದು ಹೋಯಿತಲ್ಲ, ನಿನಗೆ ಅಷ್ಟು ಹೆದರಿಕೆ ಉಂಟಾದ್ರೆ ನೀನೇ ಹೋಗು ಮಾರಾಯ್ತಿ, ನಿನಗೆ ಸಮಾಧಾನ ಆಗುವಂಥದ್ದನ್ನು ನೀನೇ ಹುಡುಕಿ ತಾ, ನಾನು ತಂದ್ರೆ ನಿನಗೆ ಅದ್ರಲ್ಲೂ ಸಾವು ಕಾಣ್ತದೆ. ಹೇಗೆ ಸಲೀಸಾಗಿ ನನ್ನ ತಲೆಗೆ ಕಟ್ಟಿದರು, ಇನ್ನು ಏನಾದರೂ ಆದರೆ ನಾನು ಆರಿಸಿದ ಜಾಕು, ನನ್ನ ಕೈಯಿಂದ ಆದದ್ದು. ಹೋದ ಭಾನುವಾರ ನಾನು ಮಾಡಿದ ತಪ್ಪಾದರೂ ಏನು, ಕಿರುಚಿದೆ, ಅಷ್ಟೆ. ಬಾರಾನಗರದ ನಮ್ಮ ಗಲ್ಲಿಯಲ್ಲಿ ಎಲ್ಲ ಭಾನುವಾರವೂ ಅದೇ ಅಲ್ಲವೇ, ಅಡುಗೆ ಸಾಮಾನು ಸಾಗಿಸುವ ನಮ್ಮ ಹಳೆಯ ಮೆಟಡಾರ್ ವ್ಯಾನು, ಅದರಡಿಯಲ್ಲಿ ಗೋಣಿ ಹಾಸಿಕೊಂಡು ಮಲಗಿದ ನನ್ನ ಗಂಡ, ಲಗ್ನ ಮುಂಜಿಗೆಲ್ಲ ಸೈ ಅನ್ನಿಸಿಕೊಂಡ ಕೃಷ್ಣರಾಜ ಭಟ್ಟರು, ಇಡೀ ಕೋಲ್ಕತ್ತದಲ್ಲಿ ಕನ್ನಡದವರ ಮನೆಯ ಊಟಕ್ಕೆ ಇವರದೇ ಕೈ, ಅದೇ ಕೈ ಮೊಣಕೈವರೆಗೆ ಗ್ರೀಸು, ಗ್ಯಾರೇಜಿನವನ ಕೈಗೆ ಗಾಡಿ ಕೊಡುವುದೆಂದರೆ ನಮ್ಮ ಒಲೆಯ ಮೇಲೆ ಕಂಡವರು ಸಾರು ಕುದಿಸಿದ ಹಾಗೆ ಎನ್ನುತ್ತಾರೆ. ನಾನು ಹಪ್ಪಳ ಒಣಗಿಸಲು ಹೊರಗೆ ಬಂದವಳು, ವ್ಯಾನಿನ ಅಡಿಯಿಂದ ಎರಡು ಅಂಗಾಲು ಮಾತ್ರ ಹೊರಗೆ ಕಾಣುತ್ತಿದ್ದವು, ಒಳಗಿನಿಂದ ಹಾಡು, ದಾಸರ ಪದ ಇವರ ಬಾಯಲ್ಲಿ ಯಾವಾಗಲೂ ಅರ್ಧ, ಮತ್ತು ವ್ಯಾನು ಇಳಿಯುತ್ತಿತ್ತು. ಸದ್ದಿಲ್ಲ, ಕುಲುಕಿಲ್ಲ, ಮುಂದಿನ ಚಕ್ರ ಕಳಚಿಟ್ಟ ಜಾಗ ಮೆಲ್ಲಗೆ ನೆಲಕ್ಕೆ ಹತ್ತಿರವಾಗುತ್ತಿತ್ತು, ಇವರಿಗೆ ಗೊತ್ತೇ ಇಲ್ಲ, ಹಾಡುತ್ತಲೇ ಇದ್ದಾರೆ, ನಾನು ಕಿರುಚಿದೆ, ಅಂಗಾಲು ಎರಡೂ ನೆಲ ಒದ್ದವು, ಇವರು ಹೊರಗೆ ಜಾರಿದರು, ಕೊನೆಯ ಗೇಣಷ್ಟು ವ್ಯಾನು ಒಮ್ಮೆಲೇ ಇಳಿದು ಧಪ್ಪೆಂದು ಕೂತಿತು. ಇವರ ಅಂಗಿಯ ಎದೆಯ ಗುಂಡಿ ಒಂದು ಕಿತ್ತುಹೋಗಿತ್ತು. ಇವರು ಅದನ್ನು ನೋಡಿ ನಕ್ಕರು.

ನಕ್ಕರಲ್ಲ, ಅದೇ ಹೊಟ್ಟೆ ಉರಿಯುವುದು, ನಕ್ಕು, ಎದ್ದು, ಧೂಳು ಕೊಡವಿಕೊಂಡು ಜಾಕಿಗೆ ಒಂದು ಒದೆ ಕೊಟ್ಟು, ಬೆಳಗ್ಗೆ ಬಂಡೆ ಹಾಗೆ ನಿಂತಿತ್ತು ಮಾರಾಯ್ತಿ, ಈಗ ಎಂತ ಆಯ್ತೋ, ನೆಲ ವಾಲಿದೆ ಅಂತ ಕಾಣ್ತದೆ, ಅಂದರು. ನಾಲ್ಕು ಇಟ್ಟಿಗೆಯಾದರೂ ಅಡಿಗೆ ಇಡಿ ಎಂದರೆ ಇಲ್ಲಿನ ಇಟ್ಟಿಗೆ ಪುಡಿಯಾಗ್ತದೆ, ರುಬ್ಬುವ ಕಲ್ಲಾದರೂ ಉರುಳಿಸಿ ಎಂದರೆ ಲಕ್ಷ್ಮಿಯನ್ನು ಗಾಡಿಯ ಅಡಿಗೆ ಇಡ್ತೀಯಾ ಎಂದು ನನಗೇ ಬೈಗುಳ. ನಾನು ಆ ದಿನ ಮಾತಾಡಲಿಲ್ಲ, ಮರುದಿನವೂ ಮಾತಾಡಲಿಲ್ಲ, ಸಾರಿಗೆ ಉಪ್ಪು ಹಾಕದೆ ಬಡಿಸಿದೆ, ಅದಕ್ಕೆ ಬಗ್ಗಿದರು. ಆಗಲಿ, ಹೊಸ ಜಾಕು ಬರುವವರೆಗೆ ಗಾಡಿಯ ಅಡಿಗೆ ಹೋಗುವುದಿಲ್ಲ, ಕೃಷ್ಣನ ಆಣೆ, ಅಂದರು. ಕೃಷ್ಣನ ಆಣೆಯನ್ನು ಇವರು ಬೀಡ ಬಿಡುವಾಗಲೂ ಹಾಕಿದ್ದರು. ಇವತ್ತೇ ಆ ಸೈಲೆನ್ಸರ್ ಪೈಪು ಕಳಚಿ ನೇತಾಡಬೇಕಿತ್ತೇ, ನಾಳೆ ದಕ್ಷಿಣೇಶ್ವರದಲ್ಲಿ ರೈಲ್ವೆಯ ವಿಶ್ವೇಶ್ವರ ಅವರ ಮಗನ ಉಪನಯನ, ಇವತ್ತು ಸಂಜೆಗೇ ಕೊಪ್ಪರಿಗೆ, ಹಂಡೆ, ಒಲೆ ಎಲ್ಲ ಅಲ್ಲಿರಬೇಕು, ಬಾಡಿಗೆ ಗಾಡಿ ಕೇಳಿ ಅಂದೆ, ಕೇಳುತ್ತಾರೆಯೇ ಇವರು. ನೀನು ಜಾಕು ತಾ, ಬಂದ ಕೂಡಲೇ ಅರ್ಧ ಗಂಟೆಯ ಕೆಲಸ, ನೀನು ಬರುವವರೆಗೆ ನಾನು ತೆಂಗಿನಕಾಯಿ ಸುಲಿಯುತ್ತಿರ್ತೇನೆ, ಮಂಡೆಬಿಸಿ ಮಾಡ್ಬೇಡ. ತೆಂಗಿನಕಾಯಿ ಸುಲಿಯುವವರ ಮುಖ ಹಾಗಿರುವುದಿಲ್ಲ, ಮಕ್ಕಳು ತಾಯಿ ಯಾವಾಗ ಹೊರಗೆ ಹೋಗುತ್ತಾಳೆ ಎಂದು ಕಾಯುವ ಮುಖ ಅದು, ನನಗೆ ಗೊತ್ತಿಲ್ಲವೇ, ಅದಕ್ಕೇ ಹೊರಡುವ ಮೊದಲು ಹಳೆಯ ಜಾಕಿನ ಹಿಡಿಯನ್ನು ಮೆಲ್ಲಗೆ ಕಳಚಿ ಚೀಲಕ್ಕೆ ಹಾಕಿಕೊಂಡು ಬಂದೆ, ಮೇಲೆ ಟವೆಲು ಮುಚ್ಚಿ, ಬಸ್ಸಿನಲ್ಲಿ ಪಕ್ಕದವಳ ಮೊಣಕಾಲಿಗೆ ತಾಗಿ ಅವಳು ಏನಮ್ಮ ಇದು ಕಬ್ಬಿಣ ಎಂದು ಗದರಿದಳು. ಇಗೋ, ಭುಜ ಕಿತ್ತುಹೋಗುವಷ್ಟು ಭಾರ, ಇರಲಿ, ಈ ಹಿಡಿ ನನ್ನ ಹತ್ತಿರ ಇರುವವರೆಗೆ ಆ ಜಾಕು ಎದ್ದೇಳುವುದಿಲ್ಲ, ಹಿಡಿ ಇಲ್ಲದೆ ಹೇಗೆ ಒತ್ತುತ್ತಾರೆ, ಕೂರಲಿ, ತೆಂಗಿನಕಾಯಿ ಸುಲಿಯಲಿ.

ಕಡ್ಡಿ ನೆಟ್ಟಗಿದೆ. ಮಿಛಿಲ್ ಬರುತ್ತಿದೆ ದೀದಿ, ಬೇಗ ಹೇಳಿ, ಷಟರು ಎಳೆಯಬೇಕು, ಅಂದ ಅಂಗಡಿಯವನು, ಹೌದು, ದೂರದಿಂದ ಕೇಳಿಸುತ್ತಿದೆ, ಚೋಲ್ಬೆ ನಾ, ಚೋಲ್ಬೆ ನಾ, ಈ ಊರಿನಲ್ಲಿ ಏನು ನಡೆಯುತ್ತದೋ ಬಿಡುತ್ತದೋ, ನಡೆಯುವುದಿಲ್ಲ ಎಂದು ಕೂಗುವ ಮೆರವಣಿಗೆ ಮಾತ್ರ ದಿನಾ ನಡೆಯುತ್ತದೆ, ರಸ್ತೆಯ ತುಂಬ ಕೆಂಪು ಬಾವುಟ, ಟ್ರಾಮು ನಿಂತಿದೆ, ಬಸ್ಸು ನಿಂತಿದೆ, ಸಿಯಾಲ್ದಾದವರೆಗೂ ಹೀಗೇ ಎನ್ನುತ್ತಿದ್ದಾನೆ ಯಾರೋ. ಕೂಗಲಿ, ನನಗೇನು ಅವಸರ, ಇದನ್ನು ಕಾಯಿಸಿಯೇ ನೋಡುತ್ತೇನೆ, ನಾನು ಎಷ್ಟು ಹೊತ್ತು ನೋಡಿದೆನೋ ಅಷ್ಟು ಹೊತ್ತು ಇವರ ಆಯುಸ್ಸು ಗಟ್ಟಿ. ಸೂರ್ಯ ಎದುರಿನ ಕಟ್ಟಡ ದಾಟಿದ, ಅಂಗಡಿಯ ತಗಡಿನ ಮಾಡಿನ ನೆರಳು ಹಿಂದಕ್ಕೆ ಸರಿಯಿತು, ಬಿಸಿಲು ಬಂತು ಕಾರಿನ ಮೂತಿಗೆ, ಬಂಪರಿಗೆ, ಈಗ ಜಾಕಿನ ಮೇಲೆ ಬಿದ್ದಿದೆ, ಒಳ್ಳೆಯದೇ, ಚಳಿಗಾಲದ ಬಿಸಿಲು, ಬೆನ್ನಿಗೆ ಹಿತವಾಗುತ್ತದೆ, ಮನೆಯಲ್ಲಿದ್ದರೆ ಈ ಹೊತ್ತಿಗೆ ನಾನು ಎಣ್ಣೆ ಬಾಟ್ಲಿಯನ್ನು ಕಿಟಕಿಗೆ ಇಡುತ್ತಿದ್ದೆ, ಇವತ್ತು ಇಟ್ಟು ಬರಲಿಲ್ಲ, ತಲೆಗೆ ಹಚ್ಚೋಣವೆಂದರೆ ಬೆಳಗ್ಗೆ ಬಾಟ್ಲಿ ಬೋರಲು ಹಾಕಿದರೂ ಒಂದು ತೊಟ್ಟು ಬೀಳಲಿಲ್ಲ, ಬೆಳ್ಳಗೆ ಹೆಪ್ಪು, ಊರಲ್ಲಿ ಹುಟ್ಟಿದಂದಿನಿಂದ ತೆಂಗಿನೆಣ್ಣೆ ಗಟ್ಟಿಯಾದದ್ದನ್ನೇ ನಾನು ನೋಡಿರಲಿಲ್ಲ, ಇಲ್ಲಿಗೆ ಬಂದ ಮೊದಲ ಜನವರಿಯಲ್ಲಿ ಅಯ್ಯೋ ಎಣ್ಣೆ ಸತ್ತುಹೋಯಿತು ಎಂದು ಗಾಬರಿಯಾಗಿದ್ದೆ, ಇವರು ನಕ್ಕಿದ್ದರು, ಆಮೇಲೆ ಅಭ್ಯಾಸವಾಯಿತು, ಬೆಳಗ್ಗೆ ಕಲ್ಲು, ಬಿಸಿಲು ಬಿದ್ದರೆ ನೀರು, ಬೆಳಗ್ಗೆ ಕಲ್ಲು —

ಬೆಳಗ್ಗೆ ಬಂಡೆ ಹಾಗೆ ನಿಂತಿತ್ತು ಮಾರಾಯ್ತಿ. ಯಾಕೆ ನಿಂತಿತ್ತು. ಅಯ್ಯೋ ದೇವರೇ, ಯಾಕೆ ನಿಂತಿತ್ತು, ಆಯುಧಪೂಜೆಯ ದಿನ, ಗಲ್ಲಿಯವರೆಲ್ಲ ವಿಶ್ವಕರ್ಮ ಪೂಜೆಗೇ ತಮ್ಮ ತಮ್ಮ ಗಾಡಿ ತೊಳೆದು ಮುಗಿಸಿದ್ದರು, ನಾವು ಮಾತ್ರ ನವಮಿಗೇ ಮಾಡುವುದು ಎಂದು ಇವರು ಹಟ ಹಿಡಿದು ವ್ಯಾನು, ಈಳಿಗೆಮಣೆ, ತುರಿಮಣೆ, ಸ್ಪಾನರು, ಜಾಕು ಎಲ್ಲಕ್ಕೂ ಕುಂಕುಮ ಇಟ್ಟು, ಜಾಕಿಗೆ ಹೊಟ್ಟೆ ಖಾಲಿ, ಒಳಗಿನ ಎಣ್ಣೆಯೇ ಗಾಡಿ ಹೊರುವುದು, ಎಣ್ಣೆ ಹಾಕಬೇಕು ಎಂದರು, ಅಂಗಡಿಗೆ ಹೋಗಿ ಅದರ ಎಣ್ಣೆಯನ್ನೇ ತನ್ನಿ ಅಂದೆ, ಹಬ್ಬದ ದಿನ ಯಾರು ಹೋಗ್ತಾರೆ, ಎಣ್ಣೆ ಎಣ್ಣೆಯೇ, ಯಂತ್ರಕ್ಕೆ ಎಂತ ಜಾತಿ ಉಂಟು, ಊರ ಗಾಣದ್ದು, ಪೂಜೆಗೆ ಇಟ್ಟದ್ದು, ಇದಕ್ಕಿಂತ ಒಳ್ಳೇದು ಸಿಗ್ತದಾ, ಎಂದು ದೀಪಕ್ಕೆ ಇಟ್ಟಿದ್ದ ತೆಂಗಿನೆಣ್ಣೆಯನ್ನು ಜಾಕಿನ ಬಾಯಿಗೆ ಗಟಗಟ ಹೊಯ್ದರು, ನಾನೇ ಸೆರಗು ಒದ್ದೆಯಾಗದ ಹಾಗೆ ಹಿಡಿದುಕೊಂಡು ನೋಡುತ್ತ ನಿಂತಿದ್ದೆ. ಇವರಿಗೆ ಎಲ್ಲದಕ್ಕೂ ತೆಂಗಿನೆಣ್ಣೆಯೇ, ಬಾಗಿಲ ತಿರುಗಣಿಗೆ, ಹೊಲಿಗೆ ಮಿಷನ್ನಿಗೆ, ಮಂಡಿನೋವಿಗೆ, ಆಗ ಸೆಕೆ, ಎಣ್ಣೆ ನೀರಿನಂತಿತ್ತು, ಯಾರಿಗೆ ಹೊಳೆಯುತ್ತದೆ. ಈಗ ಜನವರಿ, ರಾತ್ರಿಯಿಡೀ ಜಾಕು ಹೊರಗೆ ಚಳಿಯಲ್ಲಿ, ಒಳಗೆ ಎಣ್ಣೆ ಬೆಳ್ಳಗೆ ಹೆಪ್ಪು, ಒತ್ತಲು ಎರಡು ಕೈ ಬೇಕು ಎಂದು ಇವರೇ ಗೊಣಗಿದ್ದರಲ್ಲ, ಹೆಪ್ಪಿನ ಮೇಲೆ ವ್ಯಾನು ನಿಲ್ಲುತ್ತದೆ, ಬಂಡೆ ಹಾಗೆ ನಿಲ್ಲುತ್ತದೆ, ಇವರು ನಂಬುತ್ತಾರೆ, ಅಡಿಗೆ ಹೋಗುತ್ತಾರೆ, ಆಮೇಲೆ ಎದುರು ಮನೆಯ ನೀರಿನ ಟ್ಯಾಂಕಿಯ ಅಂಚು ದಾಟಿ ಬಿಸಿಲು ನಮ್ಮ ಗಲ್ಲಿಗೆ ಇಳಿಯುತ್ತದೆ — ಹೋದ ಭಾನುವಾರ ನಾನು ಹಪ್ಪಳ ಹಿಡಿದುಕೊಂಡು ಹೊರಗೆ ಬಂದದ್ದೇ ಬಿಸಿಲು ಬಂತೆಂದಲ್ಲವೇ. ನೆಲ ವಾಲಿಲ್ಲ, ಏನೂ ವಾಲಿಲ್ಲ, ಎಣ್ಣೆ ಕರಗಿತು, ಕರಗಿ ಸವೆದ ವಾಷರಿನ ಸಂದಿಯಿಂದ ಜಾರಿತು. ಇಲ್ಲಿ ಬಿಸಿಲು ಬಂದಿದೆ ಎಂದರೆ ಅಲ್ಲಿಯೂ ಬಂದಿದೆ ಅಥವಾ ಈಗ ಬರುತ್ತದೆ. ಇರಲಿ, ಇರಲಿ, ಎದೆ ಹೊಡೆದುಕೊಳ್ಳಬೇಡ, ಹಿಡಿ ಇಲ್ಲಿದೆ, ಚೀಲದಲ್ಲಿ, ಇಗೋ ತಣ್ಣಗೆ ಕೈಗೆ ತಾಗುತ್ತಿದೆ, ಹಿಡಿ ಇಲ್ಲದೆ ಹೇಗೆ ಒತ್ತುತ್ತಾರೆ — ಆದರೆ ಇವನು ಹೇಗೆ ಒತ್ತಿದ, ಈ ಮಂಕಿ ಟೋಪಿಯವನು, ನನ್ನ ಕಣ್ಣೆದುರೇ, ಇದರ ಹಿಡಿಯೂ ಇರಲಿಲ್ಲವಲ್ಲ, ನೀರಿನ ಪೈಪು ತುರುಕಿದ, ಕಾರು ಎದ್ದಿತು. ಇದಕ್ಕೆ ಯಾವ ಕೋಲು ಬೇಕಾದರೂ ಆಗುತ್ತದೇನು ಎಂದು ಕೇಳಿದೆ, ತೂತಿಗೆ ಹೊಕ್ಕರೆ ಆಯಿತು ದೀದಿ, ನೀವು ಹಿಡಿಗೆ ಚಿಂತೆ ಮಾಡಬೇಡಿ, ಅಂದ ಅವನು ಖುಷಿಯಿಂದ, ವ್ಯಾಪಾರ ಕುದುರಿತು ಎಂದುಕೊಂಡು. ಪಾಯಸ ತೊಳಸುವ ಸಟ್ಟುಗ. ಕಬ್ಬಿಣದ್ದು, ಆಳುದ್ದ ಹಿಡಿಯದು, ನಾಳೆಯ ಮುಂಜಿಗೆಂದು ತೊಳೆದು ಬಾಗಿಲ ಬಳಿ ಒರಗಿಸಿಟ್ಟು ಬಂದವಳೂ ನಾನೇ.

ದೀದಿ, ಜಾಕು, ದೀದಿ, ಎಂದು ಅವನು ಕೂಗುತ್ತಿದ್ದಾನೆ, ಜಾಕು ಅಲ್ಲಿರಲಿ, ಟ್ಯಾಕ್ಸಿ, ಟ್ಯಾಕ್ಸಿ ಎಲ್ಲಿ, ರಸ್ತೆ ಎಂಬುದೇ ಇಲ್ಲ, ತಲೆಗಳು, ಬಾವುಟಗಳು, ಇನ್‌ಕಿಲಾಬ್ ಜಿಂದಾಬಾದ್, ಸಾಲು ಮುಗಿಯುವುದೇ ಇಲ್ಲ, ಬಿಡಿ, ನನ್ನನ್ನು ಬಿಡಿ ಎಂದರೆ ಒಬ್ಬ ಹುಡುಗ ನನ್ನ ಕೈಗೂ ಒಂದು ಬಾವುಟ ಕೊಡಲು ಬಂದ, ಇವರ ಮಧ್ಯೆ ನುಗ್ಗಿ ಸಿಯಾಲ್ದಾಕ್ಕೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಬಾರಾನಗರ ಸೇರುವಷ್ಟರಲ್ಲಿ ನಾಲ್ಕು ಬಾಟ್ಲಿ ಎಣ್ಣೆ ಕರಗುತ್ತದೆ. ಫೋನು. ಅಲ್ಲಿದೆ, ಹಳದಿ ಬೋರ್ಡು, ಗಾಜಿನ ಗೂಡು, ಒಳಗೆ ಯಾರೋ ಮಗಳಿಗೆ ಜ್ವರ ಬಿಟ್ಟಿತೇ ಎಂದು ಕೇಳುತ್ತಿದ್ದಾನೆ, ಬಿಟ್ಟಿತಂತೆ, ಗಂಜಿ ಕೊಡಿ ಅನ್ನುತ್ತಿದ್ದಾನೆ, ಅಣ್ಣ ಹೊರಗೆ ಬಾ, ಕೈ ಮುಗಿಯುತ್ತೇನೆ ಬಾ, ನಾನು ಕನ್ನಡದಲ್ಲೇ ಕೂಗುತ್ತಿದ್ದೇನೆ ಎಂದು ಆಮೇಲೆ ತಿಳಿಯಿತು, ಮುಖ ನೋಡಿ ಹೆದರಿ ಬಂದುಬಿಟ್ಟ. ಕೆಳಗಿನ ಮನೆಯ ಇಂದುಮತಿ ಮಾಶಿಮಾ, ಮನೆಯ ಒಡತಿ, ನನ್ನನ್ನು ಬೌಮಾ, ಸೊಸೆ, ಎಂದೇ ಕರೆಯುವವರು, ಗಲ್ಲಿಗೆ ಅವರೊಬ್ಬರದೇ ಫೋನು, ಬೆರಳು ತಪ್ಪು ಅಂಕಿಗೆ ಹೋಯಿತು, ಮತ್ತೆ, ರಿಂಗಾಗುತ್ತಿದೆ, ಮಾಶಿಮಾನ ಮೊಣಕಾಲು ಈ ಚಳಿಗೆ ಹಿಡಿದಿರುತ್ತದೆ, ಏಳಬೇಕು, ನಡೆಯಬೇಕು, ಏಳಿ ಮಾಶಿಮಾ, ಎರಡು ಅಂಗಾಲು ಕಾಣುತ್ತಿದೆ ನನಗೆ, ಗೋಣಿಯ ಅಂಚು ದಾಟಿ ಹೊರಗೆ ಚಾಚಿದ್ದು, ಹಲೋ, ಮಾಶಿಮಾ, ನಾನು, ಇವರು ಎಲ್ಲಿದ್ದಾರೆ. ಯಾರು, ಕೃಷ್ಣನೇ, ಇಲ್ಲೇ ಇದ್ದಾನೆ ಬೌಮಾ, ಗಾಡಿಯ ಕೆಳಗೆ, ಕಿಟಕಿಯಿಂದ ಕಾಣುತ್ತಿದ್ದಾನೆ, ಕಾಣುತ್ತಿದ್ದಾನೆ ಅಂದರೆ ಕಾಲು, ನಿಮ್ಮ ದೊಡ್ಡ ಸೌಟಿನಿಂದ ಗಾಡಿ ಎತ್ತಿದ, ಏನು ಬುದ್ಧಿವಂತ ನೋಡು, ಹಾಡುತ್ತಿದ್ದಾನೆ.

ಹೊರಗೆ ಬರಲು ಹೇಳಿ ಮಾಶಿಮಾ, ಈಗಲೇ, ಜಾಕಿನೊಳಗೆ ತೆಂಗಿನೆಣ್ಣೆ ಇದೆ, ಬಿಸಿಲಿಗೆ ಕರಗುತ್ತದೆ, ಗಾಡಿ ಕೂತುಬಿಡುತ್ತದೆ, ಬಿಸಿಲು ಬಂದಿದೆಯೇ ಅಲ್ಲಿ, ಬಂದಿದೆ ಬೌಮಾ, ಒಳ್ಳೆಯ ಬಿಸಿಲು, ನಾನೂ ಅಲ್ಲೇ ಕೂತಿದ್ದೆ, ಎಣ್ಣೆ ಅಂದೆಯಾ, ಏನು ಎಣ್ಣೆ, ಎಣ್ಣೆ ಬೇಡ ಮಾಶಿಮಾ, ಏನೂ ಬೇಡ, ಹೊರಗೆ ಬಾ ಅನ್ನಿ, ಸಾಕು. ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು, ಚಪ್ಪಲಿ ಎಳೆಯುವ ಸದ್ದು, ಕಿಟಕಿ, ಮಾಶಿಮಾನ ಸಣ್ಣ ಧ್ವನಿ, ಓ ಕೃಷ್ಣ, ಕೃಷ್ಣ, ಆಮೇಲೆ ಅಸ್ಪಷ್ಟ, ಕಾಗೆ, ರೇಡಿಯೋ, ಮತ್ತೆ ಚಪ್ಪಲಿ, ಬಂದರು, ನಗುತ್ತಿದ್ದಾರೆ, ನಗುತ್ತಿದ್ದಾರಲ್ಲ ಇವರೂ, ಅವನು ಹೇಳುತ್ತಾನೆ ಬೌಮಾ, ಅವಳಿಗೆ ಭಾನುವಾರದಿಂದ ಇದೇ ಹುಚ್ಚು, ಜಾಕು ಬಂಡೆ ಹಾಗೆ ನಿಂತಿದೆ, ಅವಳು ಬರಲು ಇಷ್ಟು ಹೊತ್ತು ಮಾಡಿದಳೆಂದೇ ನಾನು ಶುರು ಮಾಡಿದ್ದು, ಇನ್ನೆರಡು ಬೋಲ್ಟು ಇದೆ, ಅವಳನ್ನು ಆರಾಮವಾಗಿ ಬಾ ಅನ್ನಿ, ಹೀಗೆ ಹೇಳಿದ. ಇಷ್ಟು ಹೊತ್ತು. ನಾನು ಇಷ್ಟು ಹೊತ್ತು ಮಾಡಿದೆ, ಕಡ್ಡಿ ನಿಲ್ಲಿಸಿಕೊಂಡು, ಕಣ್ಣು ಒರೆಸಿಕೊಂಡು, ಇವರ ಆಯುಸ್ಸು ಗಟ್ಟಿ ಮಾಡುತ್ತೇನೆಂದು. ಮಾಶಿಮಾ ಹತ್ತು ಸಲ ಕೂಗಿದರೂ ಇವರು ಬರುವುದಿಲ್ಲ, ಬೋಲ್ಟು ಮುಗಿಯುವವರೆಗೆ ಬೆಂಕಿ ಬಿತ್ತೆಂದರೂ ಬರುವುದಿಲ್ಲ, ಏನಂದರೆ ಬರುತ್ತಾರೆ, ಗಾಡಿಗಿಂತ ದೊಡ್ಡದು ಇವರಿಗೆ ಏನಿದೆ, ಮಗಳು ಕೋಕಿಲಾ, ಅಯ್ಯೋ ಮಗಳ ಹೆಸರು ಬೇಡ, ಬಾಯಲ್ಲಿ ಕೆಟ್ಟದ್ದು ಬರಬಾರದು, ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಅಸ್ತು ಅಂದುಬಿಡುತ್ತಾರೆ ಎಂದು ಅಮ್ಮ ಬಾಯಿಗೆ ಹೊಡೆಯುತ್ತಿದ್ದಳು, ಅಂದರೆ ಅನ್ನಲಿ, ನನ್ನ ಮೇಲೆ ಅನ್ನಲಿ. ಮಾಶಿಮಾ, ಹೇಳಿ, ನಿನ್ನ ಹೆಂಡತಿಗೆ ಬಸ್ಸು ಬಡಿಯಿತು ಅಂತ ಹೇಳಿ. ಏನು ಹೇಳುತ್ತಿದ್ದೀ, ನೀನೇ ಮಾತಾಡುತ್ತಿದ್ದೀಯಲ್ಲ ಬೌಮಾ. ಹೇಳಿ ಮಾಶಿಮಾ, ನಿಮ್ಮ ಕಾಲಿಗೆ ಬೀಳುತ್ತೇನೆ, ಮಲ್ಲಿಕ್ ಬಜಾರಿನಿಂದ ಯಾರೋ ಫೋನು ಮಾಡಿದ್ದಾರೆ, ಬಸ್ಸು ಬಡಿದಿದೆ, ಉಳಿಯುವುದಿಲ್ಲ ಅನ್ನುತ್ತಿದ್ದಾರೆ, ಅತ್ತು ಹೇಳಿ, ಕಿರುಚಿ ಹೇಳಿ.

ರಿಸೀವರು ಇಟ್ಟರು. ಹೇಳುತ್ತಾರೋ, ಹುಚ್ಚು ಹೆಂಗಸು ಎಂದು ಕೂರುತ್ತಾರೋ, ಚಪ್ಪಲಿ ಎಳೆಯುತ್ತಿದೆ, ಎಷ್ಟು ನಿಧಾನ, ಕಿಟಕಿಗೆ ಅಷ್ಟು ದೂರವಿದೆಯೇ, ಗೂಡಿನ ಗಾಜಿನ ಹೊರಗೆ ಬಾವುಟಗಳು ಸಾಗುತ್ತಿವೆ, ಬಾಯಿಗಳು ತೆರೆಯುತ್ತವೆ, ಮುಚ್ಚುತ್ತವೆ, ನನಗೆ ಅವುಗಳ ಸದ್ದೇ ಕೇಳಿಸುತ್ತಿಲ್ಲ, ಕಿವಿಯೊಳಗೆ ಬಾರಾನಗರದ ಒಂದು ಕೋಣೆ ಮಾತ್ರ, ಗೋಡೆ ಗಡಿಯಾರ, ರೇಡಿಯೋದಲ್ಲಿ ಯಾರೋ ಹೆಂಗಸು ಹವಾಮಾನ ಓದುತ್ತಿದ್ದಾಳೆ. ಕಿರುಚಿದರು. ಮಾಶಿಮಾ ಕಿರುಚಿದರು, ಇಷ್ಟು ವರ್ಷದಲ್ಲಿ ಅವರ ಗಂಟಲಿನಲ್ಲಿ ಇಂಥ ಸದ್ದು ಇದೆ ಎಂದೇ ಗೊತ್ತಿರಲಿಲ್ಲ, ಆಮೇಲೆ ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಕಬ್ಬಿಣ, ಕಬ್ಬಿಣ ಕಲ್ಲಿಗೆ ಬಿದ್ದ ಸದ್ದು, ಅದು ಸ್ಪಾನರೋ, ಸ್ಪಾನರು ಅಷ್ಟು ದೊಡ್ಡ ಸದ್ದು ಮಾಡುತ್ತದೆಯೇ, ಸಟ್ಟುಗವಿರಬೇಕು, ಸಟ್ಟುಗವೇ ಇರಲಿ ದೇವರೇ, ವ್ಯಾನು ಬೀಳುವಾಗ ಧಪ್ಪೆನ್ನುತ್ತದೆ, ಇದು ಧಪ್ಪೆನ್ನಲಿಲ್ಲ, ಅಥವಾ ಅಡಿಯಲ್ಲಿ ಮೈ ಇದ್ದರೆ ಬೇರೆ ಸದ್ದೋ, ಮುಚ್ಚು, ಬಾಯಿ ಮುಚ್ಚು, ಅಂಗಾಲು, ಅಂಗಾಲು ಒದೆಯಿತೇ ನೆಲಕ್ಕೆ, ಯಾಕೆ ಯಾರೂ ಬರುತ್ತಿಲ್ಲ, ಮಾಶಿಮಾ, ಮಾಶಿಮಾ, ಗೋಡೆ ಗಡಿಯಾರ ಅಲ್ಲಿ ತನ್ನ ಪಾಡಿಗೆ ಟಿಕ್ ಟಿಕ್ ಅನ್ನುತ್ತಿದೆ. ಮೆಟ್ಟಿಲ ಮೇಲೆ ಏನೋ. ಕುರ್ಚಿ ಉರುಳಿತು. ಉಸ್ಸು ಉಸ್ಸೆಂಬ ಉಸಿರು, ಹತ್ತಿರ, ಹಲೋ, ಹಲೋ, ಕೇ ಬೋಲ್ಚೇನ್, ಯಾರು ನೀವು, ಆಮಿ ಹಸ್ಬೆಂಡ್, ಎಲ್ಲಿ, ಕೋಥಾಯ್, ಯಾವ ಆಸ್ಪತ್ರೆ ದಾದಾ, ಅವಳಿಗೆ ಬಾಂಗ್ಲಾ ಬರೋದಿಲ್ಲ ಸರಿಯಾಗಿ, ಅವಳ ಹತ್ತಿರ ಮಾತಾಡಿ, ನಿದ್ದೆ ಮಾಡ್ಲಿಕ್ಕೆ ಬಿಡ್ಬೇಡಿ, ದಾದಾ, ಕಣ್ಣು ಬಿಟ್ಟಿದ್ದಾಳಾ, ಎಷ್ಟು ವರ್ಷ ಇಲ್ಲಿದ್ದೂ ಬಾಂಗ್ಲಾ ನೆಟ್ಟಗೆ ಕಲಿಯದ ಇವರು ಮೂರು ಭಾಷೆ ಕಲಸಿ ಯಾರೋ ಅಪರಿಚಿತನ ಕಾಲು ಹಿಡಿಯುತ್ತಿದ್ದಾರೆ, ಆ ಅಪರಿಚಿತ ನಾನು. ಮಾತಾಡು. ಏನೂ ಆಗಿಲ್ಲ, ನಾನೇ, ಅಷ್ಟು ಹೇಳು. ಹಿಂದಿನಿಂದ ಮಾಶಿಮಾ, ಕೃಷ್ಣ, ಕೃಷ್ಣ, ಇಲ್ಲಿ ನೋಡು, ನಿನ್ನ ಗಾಡಿ ಕೂರುತ್ತಿದೆ, ಓ ಮಾ ಗೋ, ತಾನಾಗಿಯೇ ಕೂರುತ್ತಿದೆ, ಸಾಯಲಿ ಗಾಡಿ ಎಂದು ಇವರು ಕೂಗಿದರು, ಈ ಬಾಯಲ್ಲೇ ಕೂಗಿದರು, ಆಮೇಲೆ ಧಪ್ಪೆಂಬ ಸದ್ದು ಫೋನಿನೊಳಗೂ ಬಂತು, ಸಣ್ಣದಾಗಿ. ಗಿರಿಜಾ, ಅಂದರು. ಮದುವೆಯಾದಂದಿನಿಂದ ಮಾರಾಯ್ತಿ ಎಂದೇ ಕರೆದವರು, ಗಿರಿಜಾ, ನೀನಾ, ನೀನೇನಾ, ಉಸಿರು ಕೇಳ್ತಾ ಉಂಟು ನನಗೆ, ಮಾತಾಡು, ಒಂದು ಮಾತು ಆಡು, ಅಳುತ್ತಿದ್ದಾರೆ, ಬಾಯಿ ತೆರೆದೇ ಇದ್ದೇನೆ ನಾನು, ಹೂಂ ಎಂದರೂ ಸಾಕು, ಹೂಂ ಕೂಡ ಬರುತ್ತಿಲ್ಲ, ಇವರು ಅಲ್ಲಿ ನಿಂತಿದ್ದಾರೆ, ಮಾಶಿಮಾನ ಮೇಜಿನ ಹತ್ತಿರ, ಎರಡು ಕಾಲ ಮೇಲೆ ನಿಂತಿದ್ದಾರೆ, ಗೊತ್ತು, ಗೊತ್ತು ನನಗೆ, ಆದರೂ ಕಣ್ಣ ಮುಂದೆ ಗಲ್ಲಿ, ಕೂತ ವ್ಯಾನು, ಗೋಣಿಯ ಅಂಚು, ಎರಡು ಅಂಗಾಲು, ಅಲುಗದ ಎರಡು ಅಂಗಾಲು, ಅವುಗಳ ಮೇಲೆ ಬಿಸಿಲು, ಎರಡು ಅಂಗಾಲು, ಬಿಸಿಲು